ಪೇಟೆಂಟ್ ಅರ್ಜಿ ಬೇರೆ, ಪೇಟೆಂಟ್ ಬೇರೆ: ರೈಟ್ ಸಹೋದರರ ದಾಖಲೆ ಹೇಳುವುದೇನು?

ಮಾನ್ಯ ಸಂಪಾದಕರೇ,

‘ರೈಟ್ ಸಹೋದರರು 1903ರಲ್ಲಿ ವಿಮಾನ ಕಂಡುಹಿಡಿದು ಪೇಟೆಂಟ್ ಪಡೆದರು’ ಎಂಬ ಸಾಲು ಮಕ್ಕಳ ಪ್ರಬಂಧಗಳಿಂದ ಹಿಡಿದು ಪತ್ರಿಕೆಗಳ ವಿಜ್ಞಾನ ಪುಟಗಳವರೆಗೆ ಎಲ್ಲೆಡೆ ಓಡಾಡುತ್ತಿದೆ. ಈ ಒಂದು ಸಾಲಿನಲ್ಲಿ ಎರಡು ತಪ್ಪುಗಳಿವೆ. 1903 ಅರ್ಜಿ ಸಲ್ಲಿಸಿದ ವರ್ಷ, ಪೇಟೆಂಟ್ ಸಿಕ್ಕ ವರ್ಷವಲ್ಲ. ಪೇಟೆಂಟ್ ಸಿಕ್ಕಿದ್ದು ಎಂಜಿನ್ ಹೊತ್ತ ವಿಮಾನಕ್ಕೂ ಅಲ್ಲ. ಇದನ್ನು ಸಣ್ಣ ವಿಷಯವೆಂದು ಬಿಡುವಂತಿಲ್ಲ. ಇಂದು ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಬಗ್ಗೆ ಬರುವ ಪೇಟೆಂಟ್ ಸುದ್ದಿಗಳಲ್ಲೂ ಇದೇ ಎರಡು ತಪ್ಪುಗಳು ನುಸುಳುತ್ತಿವೆ. ಆದ್ದರಿಂದ ಆ ಹಳೆಯ ದಾಖಲೆಯಲ್ಲಿ ನಿಜವಾಗಿ ಏನಿದೆ ಎಂಬುದನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇವೆ.

ಅಮೆರಿಕದ ಪೇಟೆಂಟ್ ಸಂಖ್ಯೆ 821393. ಶೀರ್ಷಿಕೆ ‘ಫ್ಲೈಯಿಂಗ್ ಮಷೀನ್’. ಅರ್ಜಿ ಸಲ್ಲಿಕೆಯಾದದ್ದು 1903ರ ಮಾರ್ಚ್ 23ರಂದು, ಮಂಜೂರಾದದ್ದು 1906ರ ಮೇ 22ರಂದು. ಕಿಟ್ಟಿ ಹಾಕ್ ಸಮೀಪದ ಮರಳು ದಿಬ್ಬಗಳ ಬಳಿ ಎಂಜಿನ್ ಯಂತ್ರ ಹಾರಿದ್ದು 1903ರ ಡಿಸೆಂಬರ್ 17ರಂದು. ಅಂದರೆ ಅರ್ಜಿ ಬರೆದಾಗ ಅವರ ಬಳಿ ಹಾರುತ್ತಿದ್ದದ್ದು 1902ರ ಗ್ಲೈಡರ್ (ಎಂಜಿನ್ ಇಲ್ಲದ ಹಾರುಯಂತ್ರ) ಮಾತ್ರ. ಮೂರು ಹಾಳೆ ಚಿತ್ರಗಳನ್ನೂ ಹುಡುಕಿ ನೋಡಿ, ಎಂಜಿನ್ ಇಲ್ಲ, ಪ್ರೊಪೆಲರ್ ಇಲ್ಲ, ಚೈನೂ ಇಲ್ಲ. ಯಾಂತ್ರಿಕ ಶಕ್ತಿಯಿಂದಾಗಲಿ ಗುರುತ್ವಬಲದಿಂದಾಗಲಿ ಗಾಳಿಯಲ್ಲಿ ಮುಂದೆ ಸಾಗುವ ಯಂತ್ರಗಳಿಗೆ ತಮ್ಮ ಆವಿಷ್ಕಾರ ಸಂಬಂಧಿಸಿದ್ದು ಎಂದು ಬರಹದ ಆರಂಭದಲ್ಲೇ ಹೇಳಿಬಿಟ್ಟಿದ್ದಾರೆ. ಹೀಗಾಗಿ ಎಂಜಿನ್ ಇದ್ದರೂ ಇಲ್ಲದಿದ್ದರೂ ಹಕ್ಕು ಒಂದೇ.

ಮೊದಲ ಅರ್ಜಿಯನ್ನು ಅಣ್ಣತಮ್ಮಂದಿರು ತಾವೇ ಬರೆದು ಕಳಿಸಿದರು. ಆ ಕಾಲದ ಅಮೆರಿಕನ್ ಅರ್ಜಿಗೆ ಮನವಿಪತ್ರ, ಪ್ರಮಾಣಪತ್ರ, ವಿವರಣೆ, ಕ್ಲೇಮುಗಳು (ಯಾವುದಕ್ಕೆ ಹಕ್ಕು ಎಂದು ಹೇಳುವ ವಾಕ್ಯಗಳು) ಮತ್ತು ಚಿತ್ರಗಳು ಬೇಕಿದ್ದವು. ಸಲ್ಲಿಸುವಾಗ 15 ಡಾಲರ್ ಶುಲ್ಕ, ಮಂಜೂರಾದ ಮೇಲೆ ಇನ್ನೂ 20 ಡಾಲರ್. ಚಿತ್ರದ ಹಾಳೆ 10 ಅಂಗುಲ ಅಗಲ, 15 ಅಂಗುಲ ಉದ್ದದ ಬಿಳಿ ದಪ್ಪ ಕಾಗದವೇ ಆಗಿರಬೇಕು. ಅಂಚಿನಿಂದ ಒಂದು ಅಂಗುಲ ಒಳಗೆ ಚೌಕಟ್ಟಿನ ಗೆರೆ, ಬರೆಯಲು ಅಚ್ಚ ಕಪ್ಪು ಇಂಡಿಯನ್ ಇಂಕ್ ಮಾತ್ರ. ಚಿತ್ರವನ್ನು ಫೋಟೊ ತೆಗೆದು ಕಲ್ಲಚ್ಚಿಗೆ ಇಳಿಸುತ್ತಿದ್ದುದರಿಂದ ಬಣ್ಣ ತುಂಬಿದರೂ ಮಸಿ ತೆಳುವಾದರೂ ಗೆರೆ ಅಚ್ಚಿನಲ್ಲಿ ಮೂಡುತ್ತಿರಲಿಲ್ಲ. ಇಂಥ ಹೊರ ನಿಯಮಗಳನ್ನು ಯಾರಾದರೂ ಪಾಲಿಸಬಹುದು. ಎಡವುವುದು ಬರಹದಲ್ಲಿ.

ರೈಟ್ ಸಹೋದರರು ಎಡವಿದ್ದೂ ಅಲ್ಲೇ. ವಿವರಣೆ ಅಸ್ಪಷ್ಟವಾಗಿದೆ, ಹೇಳಿದ ಕೆಲಸವನ್ನು ಈ ಯಂತ್ರ ಮಾಡಲಾರದು ಎಂದು ಪರೀಕ್ಷಕರು ಅರ್ಜಿಯನ್ನು ತಿರಸ್ಕರಿಸಿದರು. ರೆಕ್ಕೆ ತಿರುಚುವ ಕ್ರಮ ಅರ್ಥವಾಗಲೆಂದು ವಿಲ್ಬರ್ ಸೈಕಲ್ ಟ್ಯೂಬಿನ ರಟ್ಟಿನ ಡಬ್ಬಿಯನ್ನೇ ಕಳಿಸಿ, ಹೀಗೆ ಹಿಡಿದು ಹೀಗೆ ತಿರುಚಿ ನೋಡಿ ಎಂದು ಬರೆದರು. 1899ರಲ್ಲಿ ತಮ್ಮ ಸೈಕಲ್ ಅಂಗಡಿಯಲ್ಲಿ ಅವರಿಗೆ ಈ ಯೋಚನೆ ಹೊಳೆದದ್ದೇ ಅಂಥ ಡಬ್ಬಿ ಕೈಯಲ್ಲಿದ್ದಾಗ. ಡಬ್ಬಿಯಿಂದ ಪ್ರಯೋಜನವಾಗಲಿಲ್ಲ. ನುರಿತ ವಕೀಲರನ್ನು ಹಿಡಿಯಿರಿ ಎಂಬ ಸಲಹೆ ಬಂತು. 1904ರ ಜನವರಿಯಲ್ಲಿ ಅವರು ಒಹಾಯೊದ ಸ್ಪ್ರಿಂಗ್‌ಫೀಲ್ಡ್‌ನ ಪೇಟೆಂಟ್ ವಕೀಲ ಹ್ಯಾರಿ ಟೌಲ್ಮಿನ್ ಬಳಿ ಹೋದರು. ಆ ಹೊತ್ತಿಗೆ ಎಂಜಿನ್ ಯಂತ್ರ ಹಾರಿ ಆಗಿತ್ತು. ಆದರೂ ಟೌಲ್ಮಿನ್ ಅದನ್ನು ಅರ್ಜಿಗೆ ಸೇರಿಸಲು ಹೋಗಲಿಲ್ಲ. ಹಾರುವ ಯಂತ್ರಕ್ಕಲ್ಲ, ಅದನ್ನು ಹತೋಟಿಯಲ್ಲಿಡುವ ವ್ಯವಸ್ಥೆಗೆ ಪೇಟೆಂಟ್ ಕೇಳಿ ಎಂದರು. ನಮ್ಮ ಅಭಿಪ್ರಾಯದಲ್ಲಿ ಆ ಕಾಲದ ಪೇಟೆಂಟ್ ವಕೀಲಿಕೆಯಲ್ಲಿ ಇದಕ್ಕಿಂತ ಚುರುಕಾದ ನಿರ್ಧಾರ ಇನ್ನೊಂದಿಲ್ಲ.

ಆ ಹತೋಟಿ ವ್ಯವಸ್ಥೆಯ ಬೆಲೆ ತಿಳಿಯಬೇಕಾದರೆ ಗ್ಲೈಡರ್‌ನ ತೊಂದರೆ ಏನಿತ್ತೆಂದು ತಿಳಿಯಬೇಕು. ಒಂದರ ಮೇಲೊಂದು ಎರಡು ರೆಕ್ಕೆ, ನಡುವೆ ನಿಲುಗಂಬಗಳು. ಕಂಬಗಳು ರೆಕ್ಕೆಗೆ ಕೂಡುವ ಕಡೆ ಬಿಗಿಯಾಗಿಲ್ಲ, ಬಾಗುವ ಕೀಲುಗಳಿವೆ. ಮುಂದಿನ ಅಂಚನ್ನು ಅಡ್ಡತಂತಿಗಳಿಂದ ಬಿಗಿದು ನೇರವಾಗಿ ಇಟ್ಟಿದ್ದಾರೆ, ತುದಿಗಳ ಹಿಂಬದಿ ಮೂಲೆಗಳನ್ನು ಮಾತ್ರ ಮೇಲೆ ಕೆಳಗೆ ಆಡುವಂತೆ ಬಿಟ್ಟಿದ್ದಾರೆ. ನಡೆಸುವವನು ಕೆಳರೆಕ್ಕೆಯ ನಡುವೆ ಬೋರಲಾಗಿ ಮಲಗುತ್ತಾನೆ. ಅವನ ಸೊಂಟ ಒಂದು ಚೌಕಟ್ಟಿನಲ್ಲಿರುತ್ತದೆ, ಅದು ಎಡಬಲಕ್ಕೆ ಸರಿಯುತ್ತದೆ. ಚೌಕಟ್ಟಿಗೆ ಕಟ್ಟಿದ ಹಗ್ಗ ರಾಟೆಗಳ ಮೇಲೆ ಹಾದು ಹಿಂಬದಿ ಮೂಲೆಗಳಿಗೆ ಹೋಗುತ್ತದೆ. ಒಂದು ಬದಿಯ ಮೂಲೆಗಳು ಕೆಳಕ್ಕೆ ಬಂದರೆ ಇನ್ನೊಂದು ಹಗ್ಗ ಎದುರು ಬದಿಯ ಮೂಲೆಗಳನ್ನು ಮೇಲಕ್ಕೆಳೆಯುತ್ತದೆ. ಎಡರೆಕ್ಕೆ ಕುಸಿಯಿತೆನ್ನಿ. ನಡೆಸುವವನು ಸೊಂಟವನ್ನು ಬಲಕ್ಕೆ ಸರಿಸುತ್ತಾನೆ. ಎಡಬದಿಯ ಹಿಂಬದಿ ಅಂಚು ಬಾಗಿ, ಆ ರೆಕ್ಕೆ ಗಾಳಿಗೆ ಹೆಚ್ಚು ಕೋನದಲ್ಲಿ ಎದುರಾಗುತ್ತದೆ, ಎತ್ತುವ ಬಲ ಹೆಚ್ಚುತ್ತದೆ. ಬಲರೆಕ್ಕೆಯಲ್ಲಿ ಕೋನ ಕಡಿಮೆಯಾಗಿ ಬಲವೂ ಇಳಿಯುತ್ತದೆ. ಯಂತ್ರ ಸಮಕ್ಕೆ ಬರಬೇಕು.

ಯಾವಾಗಲೂ ಬರುತ್ತಿರಲಿಲ್ಲ. ಕೋನ ಹೆಚ್ಚಾದ ರೆಕ್ಕೆಗೆ ಎತ್ತುವ ಬಲದ ಜೊತೆ ಗಾಳಿಯ ತಡೆಯೂ ಹೆಚ್ಚುತ್ತದೆ. ಆ ರೆಕ್ಕೆ ಹಿಂದೆ ಬೀಳುತ್ತದೆ, ಯಂತ್ರದ ಮೂಗು ಅದೇ ಕಡೆಗೆ ತಿರುಗುತ್ತದೆ. ವೇಗ ತಗ್ಗಿದ ರೆಕ್ಕೆಗೆ ಎತ್ತುವ ಬಲವೂ ತಗ್ಗಿ ಅದು ಇನ್ನಷ್ಟು ಕುಸಿಯುತ್ತದೆ. 1901ರ ಗ್ಲೈಡರ್‌ನಲ್ಲಿ ಇದು ಕಂಡಿತ್ತು. 1902ರ ಗ್ಲೈಡರ್‌ಗೆ, ಅಂದರೆ 32 ಅಡಿ ರೆಕ್ಕೆಯಗಲದ ಯಂತ್ರಕ್ಕೆ, ಮೂಗು ತಿರುಗದಿರಲೆಂದು ಹಿಂದೆ ಎರಡು ಲಂಬ ಹಲಗೆಗಳನ್ನು ಅಲುಗದಂತೆ ಕೂರಿಸಿದರು. ಹಲವು ಹಾರಾಟಗಳಲ್ಲಿ ಅದು ನೆರವಾಯಿತು. ಆದರೆ ಯಂತ್ರ ಕುಸಿದ ರೆಕ್ಕೆಯ ಕಡೆಗೆ ಅಡ್ಡಲಾಗಿ ಜಾರತೊಡಗಿದಾಗ ಅದೇ ಬದಿಯಿಂದ ಬಂದ ಗಾಳಿ ಆ ಸ್ಥಿರ ಹಲಗೆಗೆ ಬಡಿದು, ಬಾಲವನ್ನು ಆಚೆ ನೂಕಿ, ಯಂತ್ರವನ್ನು ಕುಸಿದ ರೆಕ್ಕೆಯ ಸುತ್ತಲೇ ಗಿರಕಿ ಹೊಡೆಸುತ್ತಿತ್ತು. ರೆಕ್ಕೆಯ ತುದಿ ಮರಳಿಗೆ ನಾಟಿ ಗುಳಿ ಬೀಳುತ್ತಿತ್ತು. ಇದನ್ನು ಅವರು ‘ಬಾವಿ ತೋಡುವುದು’ ಎಂದೇ ಕರೆಯುತ್ತಿದ್ದರು.

ಹಲಗೆಯನ್ನು ತಿರುಗುವ ಚುಕ್ಕಾಣಿ ಮಾಡೋಣ ಎಂದವರು ಆರ್ವಿಲ್. ನಡೆಸುವವನ ಕೈಗೆ ಇನ್ನೊಂದು ಕೆಲಸ ಕೊಡುವುದು ಬೇಡ, ಚುಕ್ಕಾಣಿಯ ಹಗ್ಗವನ್ನು ರೆಕ್ಕೆ ತಿರುಚುವ ಹಗ್ಗಕ್ಕೇ ಜೋಡಿಸೋಣ ಎಂದವರು ವಿಲ್ಬರ್. ಎರಡು ಹಲಗೆಗಳ ಬದಲು ಒಂದೇ ಚುಕ್ಕಾಣಿ ಬಂತು. ಸೊಂಟ ಸರಿಸಿದೊಡನೆ ರೆಕ್ಕೆ ತಿರುಚುತ್ತದೆ, ಚುಕ್ಕಾಣಿಯೂ ತಿರುಗುತ್ತದೆ. ಕಡಿಮೆ ಕೋನದ ರೆಕ್ಕೆ ಯಾವ ಕಡೆ ಇದೆಯೋ ಆ ಕಡೆಯ ಮೈಯನ್ನು ಚುಕ್ಕಾಣಿ ಗಾಳಿಗೆ ಒಡ್ಡುತ್ತದೆ. ಹೆಚ್ಚು ಕೋನದ ರೆಕ್ಕೆ ಮೂಗನ್ನು ಎಳೆಯುವಷ್ಟನ್ನು ಚುಕ್ಕಾಣಿ ಎದುರು ದಿಕ್ಕಿಗೆ ತಳ್ಳಿ ಸರಿದೂಗಿಸುತ್ತದೆ. 1902ರ ಅಕ್ಟೋಬರ್‌ನಲ್ಲಿ ಮಾಡಿದ ಈ ಬದಲಾವಣೆಯೇ ಪೇಟೆಂಟಿನ ಜೀವಾಳ. ಇಂದಿನ ಹೆಚ್ಚಿನ ವಿಮಾನಗಳಲ್ಲೂ ಎಲೆರಾನ್ (ರೆಕ್ಕೆಯ ಆಡುವ ಚಿಕ್ಕ ಹಲಗೆ) ಮತ್ತು ರಡ್ಡರ್ (ಚುಕ್ಕಾಣಿ) ನಡುವಿನ ಸಂಬಂಧ ಇದೇ.

ಈಗ ಕ್ಲೇಮುಗಳಿಗೆ ಬರೋಣ. ಕ್ರಯಪತ್ರದಲ್ಲಿ ಚಕ್ಕುಬಂದಿ ಇದ್ದಂತೆ ಪೇಟೆಂಟಿನಲ್ಲಿ ಕ್ಲೇಮ್. ವಿವರಣೆ ಎಷ್ಟೇ ಉದ್ದವಿರಲಿ, ಹಕ್ಕು ಎಲ್ಲಿಯವರೆಗೆ ಎಂದು ಹೇಳುವುದು ಕೊನೆಯಲ್ಲಿ ಅಂಕಿ ಹಾಕಿ ಬರೆದ ಆ ವಾಕ್ಯಗಳು ಮಾತ್ರ. 821393ರಲ್ಲಿ ಅಂಥವು 18 ಇವೆ. ಮೊದಲನೆಯದರಲ್ಲಿ ಎಂಜಿನ್ನೂ ಇಲ್ಲ, ಹಗ್ಗವೂ ಇಲ್ಲ, ಚುಕ್ಕಾಣಿಯೂ ಇಲ್ಲ. ರೆಕ್ಕೆಯ ಪಕ್ಕದ ಅಂಚುಗಳು ಗಾಳಿಗೆ ಬೇರೆ ಬೇರೆ ಕೋನದಲ್ಲಿ ಎದುರಾಗುವಂತೆ ಮೇಲೆ ಕೆಳಗೆ ಚಲಿಸಬಲ್ಲವು, ಹಾಗೆ ಚಲಿಸುವ ಸಾಧನವೊಂದಿದೆ, ಇಷ್ಟೇ. ಏಳನೆಯದು ಇದಕ್ಕೆ ಲಂಬ ಚುಕ್ಕಾಣಿಯನ್ನು ಸೇರಿಸಿ, ಕಡಿಮೆ ಕೋನದ ಬದಿಯ ಮೈ ಗಾಳಿಗೆ ಒಡ್ಡಬೇಕು ಎಂಬ ಮೇಲಿನ ನಿಯಮವನ್ನೇ ಹೇಳುತ್ತದೆ. ವಿವರಣೆಯಲ್ಲೂ ಒಂದು ಗಟ್ಟಿ ವಾಕ್ಯವಿದೆ: ನಾವು ತೋರಿಸಿದ ರಚನೆಗಷ್ಟೇ ನಮ್ಮ ಹಕ್ಕು ಸೀಮಿತವಲ್ಲ, ಪಕ್ಕದ ಅಂಚುಗಳ ಕೋನವನ್ನು ವಿರುದ್ಧ ದಿಕ್ಕುಗಳಲ್ಲಿ ಬದಲಿಸುವ ಯಾವುದೇ ರಚನೆ ಇದರ ವ್ಯಾಪ್ತಿಗೆ ಬರುತ್ತದೆ ಎಂಬುದು ಅದರ ತಾತ್ಪರ್ಯ. ಪೇಟೆಂಟ್ ಕೈಗೆ ಬರುವ ಮೊದಲೇ, 1905ರ ಯಂತ್ರದಲ್ಲಿ, ಅವರು ಚುಕ್ಕಾಣಿಯನ್ನು ರೆಕ್ಕೆಯ ಹಗ್ಗದಿಂದ ಬಿಡಿಸಿ ಅದಕ್ಕೆ ಪ್ರತ್ಯೇಕ ಹಿಡಿ ಕೊಟ್ಟಿದ್ದರು. ಚಿತ್ರದಲ್ಲಿದ್ದ ಜೋಡಣೆಗೇ ಹಕ್ಕು ಕಟ್ಟಿಬಿದ್ದಿದ್ದರೆ ಅವರ ಸ್ವಂತ ಯಂತ್ರವೇ ಅದರ ಹೊರಗೆ ಉಳಿಯುತ್ತಿತ್ತು.

ಎಂಜಿನ್ ಮತ್ತು ಪ್ರೊಪೆಲರ್ ಮಾತು ಇಲ್ಲಿ ಬಂದೇ ಬರುತ್ತದೆ. ಅವರ ಅಂಗಡಿಯ ಮೆಕ್ಯಾನಿಕ್ ಚಾರ್ಲಿ ಟೇಲರ್ ಕಟ್ಟಿದ ಸುಮಾರು 12 ಅಶ್ವಶಕ್ತಿಯ ಎಂಜಿನ್, ಲೆಕ್ಕ ಹಾಕಿ ಕೆತ್ತಿದ ಎಂಟೂವರೆ ಅಡಿಯ ಎರಡು ಪ್ರೊಪೆಲರ್, 1901ರ ಶರತ್ಕಾಲದಲ್ಲಿ ಆರಡಿ ಉದ್ದದ ಗಾಳಿಪೆಟ್ಟಿಗೆಯಲ್ಲಿ ಸುಮಾರು 200 ರೆಕ್ಕೆ ಮಾದರಿಗಳನ್ನು ಅಳೆದು ಪಡೆದ ಕೋಷ್ಟಕಗಳು, ಇವ್ಯಾವುವೂ ಈ ಪೇಟೆಂಟಿನಲ್ಲಿಲ್ಲ. ಆ ಪ್ರೊಪೆಲರ್ ಅವರ ಅತ್ಯುತ್ತಮ ಕೆಲಸಗಳಲ್ಲಿ ಒಂದು ಎಂದು ನಾವು ನಂಬುತ್ತೇವೆ. ಆದರೂ ಅದನ್ನು ಬಿಟ್ಟದ್ದು ಸರಿಯೇ. ಎದುರಾಳಿ ಬೇರೆ ಎಂಜಿನ್, ಬೇರೆ ಪ್ರೊಪೆಲರ್ ಹಾಕಿಕೊಂಡು ಹಾರಬಲ್ಲ. ಅಡ್ಡಸಮತೋಲನವಿಲ್ಲದೆ ಹಾರಲಾರ.

ಇದು ಪರೀಕ್ಷೆಗೆ ಬಂದದ್ದು ಇನ್ನೊಬ್ಬ ವಿಮಾನ ತಯಾರಕ ಗ್ಲೆನ್ ಕರ್ಟಿಸ್ ಎದುರಾದಾಗ. ಕರ್ಟಿಸ್ ಯಂತ್ರಗಳಲ್ಲಿ ರೆಕ್ಕೆ ತಿರುಚುತ್ತಿರಲಿಲ್ಲ. ಎಲೆರಾನ್ ಎಂಬ ಪ್ರತ್ಯೇಕ ಚಿಕ್ಕ ಹಲಗೆಗಳಿದ್ದವು. ಎಲೆರಾನ್‌ನಂಥ ರಚನೆಗೆ ಮ್ಯಾಥ್ಯೂ ಬೌಲ್ಟನ್ 1868ರಲ್ಲೇ ಬ್ರಿಟನ್ನಿನಲ್ಲಿ ಪೇಟೆಂಟ್ ಪಡೆದಿದ್ದರು ಎಂಬುದೂ ನಿಜ. ಆದರೆ ಕೋನ ಬದಲಾದಾಗ ಮೂಗು ತಿರುಗುವ ತೊಂದರೆಯನ್ನು ಚುಕ್ಕಾಣಿಯಿಂದ ಸರಿದೂಗಿಸುವ ಜೋಡಿ ಉಪಾಯ ರೈಟ್ ಸಹೋದರರದು. 1909ರ ಆಗಸ್ಟ್‌ನಲ್ಲಿ ಮೊಕದ್ದಮೆ ಹೂಡಲಾಯಿತು. 1910ರ ಜನವರಿಯಲ್ಲಿ ನ್ಯಾಯಾಧೀಶ ಹೇಜಲ್ ಕರ್ಟಿಸ್ ವಿರುದ್ಧ ತಾತ್ಕಾಲಿಕ ತಡೆಯಾಜ್ಞೆ ಕೊಟ್ಟರು, ಜೂನ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತೆರವು ಮಾಡಿತು. 1913ರಲ್ಲಿ ಹೇಜಲ್ ತೀರ್ಪು ರೈಟ್ ಪರ ಬಂತು, 1914ರ ಜನವರಿ 13ರಂದು ಮೇಲ್ಮನವಿಯಲ್ಲೂ ಗೆಲುವು. ನಾವು ಚುಕ್ಕಾಣಿಯನ್ನು ಎಲೆರಾನ್ ಜೊತೆ ಬಳಸುವುದಿಲ್ಲ ಎಂಬುದು ಕರ್ಟಿಸ್ ಕಡೆಯ ವಾದ. ಕೆಲವೊಮ್ಮೆ ಉಲ್ಲಂಘಿಸುವ ಯಂತ್ರವೂ ಉಲ್ಲಂಘಿಸುವ ಯಂತ್ರವೇ ಎಂದಿತು ನ್ಯಾಯಾಲಯ. ಎರಡು ಎಲೆರಾನ್‌ಗಳು ಒಟ್ಟಿಗೆ ವಿರುದ್ಧ ದಿಕ್ಕಿಗೆ ಚಲಿಸುವುದು ತಾನೇ ಕ್ಲೇಮಿನಲ್ಲಿರುವುದು ಎಂದು ಕರ್ಟಿಸ್ ಆಮೇಲೆ ಒಮ್ಮೆಗೆ ಒಂದೇ ಎಲೆರಾನ್ ಚಲಿಸುವ ವ್ಯವಸ್ಥೆಗೆ ಇಳಿದರು. ಕ್ಲೇಮಿನ ಒಂದೊಂದು ಪದವನ್ನೂ ತಪ್ಪಿಸಿಕೊಂಡು ಯಂತ್ರ ಕಟ್ಟುವುದು ಹೇಗಿರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

1912ರ ಮೇ 30ರಂದು ಟೈಫಾಯಿಡ್‌ನಿಂದ ತೀರಿಕೊಂಡ ವಿಲ್ಬರ್ ಈ ಗೆಲುವನ್ನು ನೋಡಲಿಲ್ಲ. ಅಮೆರಿಕ ಯುದ್ಧಕ್ಕಿಳಿದ 1917ರಲ್ಲಿ ತಯಾರಕರೆಲ್ಲ ಒಂದು ಸಂಘ ಕಟ್ಟಿ ಪೇಟೆಂಟುಗಳನ್ನು ಹಂಚಿಕೊಂಡರು. ವಿಮಾನವೊಂದಕ್ಕೆ 200 ಡಾಲರ್ ರಾಯಧನ. ಅದರಲ್ಲಿ 135 ರೈಟ್-ಮಾರ್ಟಿನ್ ಕಂಪನಿಗೆ, 40 ಕರ್ಟಿಸ್ ಕಂಪನಿಗೆ, ಉಳಿದದ್ದು ಸಂಘಕ್ಕೆ.

ಯುರೋಪಿನಲ್ಲಿ ಕಥೆ ಬೇರೆ. ವಿಲ್ಬರ್ 1901ರ ಸೆಪ್ಟೆಂಬರ್‌ನಲ್ಲಿ ಷಿಕಾಗೊದ ಎಂಜಿನಿಯರುಗಳ ಸಂಘದ ಮುಂದೆ ಮಾಡಿದ ಭಾಷಣ ಅಚ್ಚಾಗಿತ್ತು. ಅವರ ಹಿತೈಷಿ ಆಕ್ಟೇವ್ ಷನ್ಯೂಟ್, ಅಮೆರಿಕದಲ್ಲಿ ಅರ್ಜಿ ಸಲ್ಲಿಸಿ ಹತ್ತು ದಿನವಾಗಿದ್ದಾಗ, 1903ರ ಏಪ್ರಿಲ್ 2ರಂದು ಪ್ಯಾರಿಸ್‌ನಲ್ಲಿ ಈ ಗ್ಲೈಡರ್‌ಗಳ ಬಗ್ಗೆ ಮಾತಾಡಿದರು. ಫ್ರಾನ್ಸ್, ಜರ್ಮನಿಗಳಲ್ಲಿ ಅರ್ಜಿ ಹೋದದ್ದು 1904ರ ಮಾರ್ಚ್‌ನಲ್ಲಿ. ಆವಿಷ್ಕಾರ ಮೊದಲೇ ಬಹಿರಂಗವಾಗಿತ್ತು ಎಂಬ ಕಾರಣಕ್ಕೆ ಜರ್ಮನಿಯ ಪೇಟೆಂಟ್ ಕಚೇರಿ 1912ರಲ್ಲಿ ಅವರ ವಿರುದ್ಧ ತೀರ್ಮಾನಿಸಿತು. ಒಳ್ಳೆಯ ಮನಸ್ಸಿನಿಂದ ಮಾಡಿದ ಭಾಷಣಗಳು ಅಷ್ಟು ದುಬಾರಿಯಾದವು.

ಅರ್ಜಿಗೂ ಮಂಜೂರಾತಿಗೂ ನಡುವಿನ ಅಂತರ ಎಷ್ಟು ದೊಡ್ಡದಾಗಬಹುದು ಎಂಬುದಕ್ಕೆ ಜಾರ್ಜ್ ಸೆಲ್ಡನ್ ಅವರ ಮೋಟಾರು ಗಾಡಿಯ ಪೇಟೆಂಟ್ ನೋಡಬೇಕು. ಅರ್ಜಿ 1879ರ ಮೇ 8ರದು, ಪೇಟೆಂಟ್ 1895ರ ನವೆಂಬರ್ 5ರದು. ಕಚೇರಿಯ ಪ್ರತಿ ಪತ್ರಕ್ಕೂ ಉತ್ತರಿಸಲು ಎರಡು ವರ್ಷ ಕಾಲಾವಕಾಶವಿತ್ತು, ಸೆಲ್ಡನ್ ಅದನ್ನು ಪೂರ್ತಿ ಬಳಸಿಕೊಂಡರು. ಅಮೆರಿಕದಲ್ಲಿ ಆಗ ಅವಧಿ ಮಂಜೂರಾದ ದಿನದಿಂದ 17 ವರ್ಷ. ತಡವಾದಷ್ಟೂ ಲಾಭ, ಏಕೆಂದರೆ ಅಷ್ಟರಲ್ಲಿ ಕಾರು ತಯಾರಿಸುವವರು ಬೆಳೆದಿರುತ್ತಾರೆ. ತಯಾರಕರು ಕಾರಿನ ಬೆಲೆಯ ಶೇ 1.25ರಷ್ಟು ರಾಯಧನ ಕೊಟ್ಟರು. ಹೆನ್ರಿ ಫೋರ್ಡ್ ಒಪ್ಪಲಿಲ್ಲ. 1911ರ ಜನವರಿ 9ರಂದು ಮೇಲ್ಮನವಿ ನ್ಯಾಯಾಲಯ ಪೇಟೆಂಟ್ ಸಿಂಧು, ಆದರೆ ಅದು ಬ್ರೇಟನ್ ಬಗೆಯ ಎಂಜಿನ್ನಿಗೆ ಮಾತ್ರ, ಫೋರ್ಡ್ ಬಳಸುವುದು ಓಟೊ ಎಂಬ ಬೇರೆ ಬಗೆಯದು ಎಂದಿತು. ನಮ್ಮಲ್ಲಿ ಅದೇ 1911ರ ಪೇಟೆಂಟ್ ಮತ್ತು ವಿನ್ಯಾಸ ಕಾಯ್ದೆ ಅವಧಿಯನ್ನು ಅರ್ಜಿಯ ದಿನದಿಂದ 14 ವರ್ಷ ಎಂದು ಇಟ್ಟಿತು. ಈಗ ಅದು ಅರ್ಜಿಯ ದಿನದಿಂದ 20 ವರ್ಷ. ಸೆಲ್ಡನ್ ಮಾಡಿದ್ದು ಇಲ್ಲಿ ನಡೆಯುವುದಿಲ್ಲ.

ಇನ್ನು ನಮ್ಮ ಸುದ್ದಿಗಳ ಮಾತು. ಕರ್ನಾಟಕದ ಅರ್ಜಿಗಳು ಚೆನ್ನೈ ಪೇಟೆಂಟ್ ಕಚೇರಿಗೆ ಹೋಗುತ್ತವೆ. ಅರ್ಜಿ ಸಂಖ್ಯೆಯಲ್ಲಿ 12 ಅಂಕಿಗಳಿರುತ್ತವೆ: ಮೊದಲ ನಾಲ್ಕು ವರ್ಷ, ಐದನೆಯದು 4 ಇದ್ದರೆ ಚೆನ್ನೈ. ಈ ಸಂಖ್ಯೆ ಸಿಕ್ಕಿತೆಂದರೆ ಅರ್ಜಿ ತಲುಪಿತು ಎಂದಷ್ಟೇ ಅರ್ಥ. 18 ತಿಂಗಳ ನಂತರ ಅದು ಪೇಟೆಂಟ್ ಜರ್ನಲ್‌ನಲ್ಲಿ ಪ್ರಕಟವಾಗುತ್ತದೆ, ಫಾರಂ 9 ಕೊಟ್ಟರೆ ತಿಂಗಳೊಳಗೇ ಆಗುತ್ತದೆ. ಪ್ರಕಟವಾಗುವುದಕ್ಕೂ ಪರೀಕ್ಷೆಗೂ ಸಂಬಂಧವಿಲ್ಲ. ಪರೀಕ್ಷೆ ಬೇಕೆಂದು ಫಾರಂ 18ರಲ್ಲಿ ಪ್ರತ್ಯೇಕವಾಗಿ ಕೇಳಬೇಕು. 2024ರ ತಿದ್ದುಪಡಿಯ ನಂತರದ ಅರ್ಜಿಗಳಿಗೆ ಅದರ ಗಡುವು 31 ತಿಂಗಳು. ಆಮೇಲೆ ಪರೀಕ್ಷಕರ ಆಕ್ಷೇಪಣೆ, ಅದಕ್ಕೆ ಉತ್ತರ, ಕ್ಲೇಮುಗಳ ತಿದ್ದುಪಡಿ, ಕೊನೆಗೆ ಮಂಜೂರಾತಿ ಅಥವಾ ತಿರಸ್ಕಾರ. ಮಂಜೂರಾದರೆ ಬೇರೆಯೇ ಪೇಟೆಂಟ್ ಸಂಖ್ಯೆ ಬರುತ್ತದೆ. ಜರ್ನಲ್‌ನಲ್ಲಿ ಪ್ರಕಟವಾದ ಮಾರನೆಯ ದಿನವೇ ‘ವಿದ್ಯಾರ್ಥಿಗಳಿಗೆ ಪೇಟೆಂಟ್’ ಎಂದು ತಲೆಬರಹ ಬರುವುದನ್ನು ದಯವಿಟ್ಟು ನಿಲ್ಲಿಸಬೇಕು. ವಿನ್ಯಾಸ ನೋಂದಣಿಯನ್ನು ಪೇಟೆಂಟ್ ಎಂದು ಬರೆಯುವುದೂ ಅಷ್ಟೇ ತಪ್ಪು. ಅದು ವಸ್ತುವಿನ ಹೊರರೂಪಕ್ಕೆ ಸಿಗುವ ರಕ್ಷಣೆ, ಅದು ಕೆಲಸ ಮಾಡುವ ರೀತಿಗಲ್ಲ.

ವಿದ್ಯಾರ್ಥಿಗಳಿಗೆ ಇದಕ್ಕಿಂತ ದೊಡ್ಡ ನಷ್ಟ ತರುವುದು ಷನ್ಯೂಟ್ ಭಾಷಣದಂಥ ಬಹಿರಂಗ. ಕಾಲೇಜಿನ ಪ್ರದರ್ಶನದಲ್ಲಿ ಯಂತ್ರವನ್ನು ಬಿಚ್ಚಿ ತೋರಿಸಿ, ಪತ್ರಿಕೆಗೆ ಚಿತ್ರ ಕೊಟ್ಟು, ಆಮೇಲೆ ಅರ್ಜಿ ಹಾಕಿದರೆ ಪತ್ರಿಕೆಯ ಆ ಸುದ್ದಿಯೇ ಅವರ ವಿರುದ್ಧ ಸಾಕ್ಷಿಯಾಗುತ್ತದೆ. ಕಾಯ್ದೆಯ 31ನೇ ಸೆಕ್ಷನ್ 12 ತಿಂಗಳ ವಿನಾಯಿತಿ ಕೊಡುತ್ತದೆ, ನಿಜ. ಆದರೆ ಪ್ರದರ್ಶನಗಳ ಮಟ್ಟಿಗೆ ಅದು ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಸೂಚಿಸಿದವುಗಳಿಗೆ ಮಾತ್ರ. ಕಾಲೇಜು ಹಬ್ಬ ಅದರಲ್ಲಿ ಬರುವುದಿಲ್ಲ. ಪ್ರದರ್ಶನಕ್ಕೆ ಮುನ್ನ ತಾತ್ಕಾಲಿಕ ವಿವರಣೆ ಸಲ್ಲಿಸಿದರೆ ಸಾಕು. ವ್ಯಕ್ತಿಗಳಿಗೆ ಆನ್‌ಲೈನ್ ಶುಲ್ಕ 1,600 ರೂಪಾಯಿ, ಪೂರ್ಣ ವಿವರಣೆಗೆ 12 ತಿಂಗಳು ಸಮಯವಿದೆ. ತಾತ್ಕಾಲಿಕ ವಿವರಣೆಯಲ್ಲಿ ಇಲ್ಲದ ಅಂಶಕ್ಕೆ ಆ ಮೊದಲ ತಾರೀಖು ಸಿಗುವುದಿಲ್ಲ. ಆದ್ದರಿಂದ ಶೀರ್ಷಿಕೆ ಮತ್ತು ನಾಲ್ಕು ಸಾಲು ಬರೆದು ಕಳಿಸಿದರೆ ಉಪಯೋಗವಿಲ್ಲ. ಯಂತ್ರ ಕೆಲಸ ಮಾಡುವ ಬಗೆ, ಅಳತೆಗಳ ಮಿತಿ, ಬದಲಿ ಜೋಡಣೆಗಳು ಎಲ್ಲ ಅದರಲ್ಲಿರಬೇಕು.

ಪೇಟೆಂಟ್ ಸುದ್ದಿ ಬರೆಯುವ ವರದಿಗಾರರು ಸಂಬಂಧಪಟ್ಟವರನ್ನು ಮೂರು ಸಂಗತಿ ಕೇಳಿ ಪ್ರಕಟಿಸಲಿ ಎಂಬುದು ನಮ್ಮ ವಿನಂತಿ: ಅರ್ಜಿಯ ತಾರೀಖು, ಮಂಜೂರಾಗಿದ್ದರೆ ಪೇಟೆಂಟ್ ಸಂಖ್ಯೆ ಮತ್ತು ತಾರೀಖು, ಮೊದಲ ಕ್ಲೇಮಿನ ಕನ್ನಡ ಸಾರಾಂಶ. ಮೆಕ್ಯಾನಿಕಲ್ ವಿಭಾಗದ ಅಧ್ಯಾಪಕರು 821393ರ ಮೊದಲ ಚಿತ್ರವನ್ನೂ ಏಳನೇ ಕ್ಲೇಮನ್ನೂ ಅಕ್ಕಪಕ್ಕ ಇಟ್ಟು ಒಂದು ತರಗತಿ ತೆಗೆದುಕೊಳ್ಳಲಿ. ಪೂರ್ತಿ ದಾಖಲೆ ಗೂಗಲ್ ಪೇಟೆಂಟ್ಸ್‌ನಲ್ಲಿ ಉಚಿತವಾಗಿ ಸಿಗುತ್ತದೆ.

ಇತಿ ತಮ್ಮ ವಿಶ್ವಾಸಿಗಳು,
ಪೇಟೆಂಟ್ ಕರಡು ಬರವಣಿಗೆಯಲ್ಲಿ ತೊಡಗಿರುವ ಇಬ್ಬರು ಓದುಗರು, ಬೆಂಗಳೂರು